ಹೊರಕ್ಕೆ ತಿರುಗಿಸಿದ ಕೊಳವೆ

ನಮ್ಮ ಊರಿನ ನೆಲದಡಿ ನೀರಿಲ್ಲ. ಎಷ್ಟು ಅಗೆದರೂ ಕರಿಕಲ್ಲು, ಅದರ ಕೆಳಗೆ ಇನ್ನೂ ಕರಿಕಲ್ಲು. ಕುಡಿಯುವುದು, ಬೇಯಿಸುವುದು, ಮೀಯುವುದು ಎಲ್ಲಾ ಮಳೆಯ ನೀರಿನಲ್ಲೇ. ಮಾಳಿಗೆಗಳ ಮೇಲೆ ಬಿದ್ದದ್ದು ತಗಡಿನ ಕೊಳವೆಯಿಂದ ಓಣಿಯ ಕಾಲುವೆಗೆ, ಓಣಿಯ ಕಾಲುವೆಗಳೆಲ್ಲಾ ಕೂಡಿ ಊರ ತಗ್ಗಿನಲ್ಲಿರುವ ನನ್ನ ಕಟ್ಟೆಗೆ. ನನ್ನದು ಅಂದರೆ ಊರವರದೇ. ಆದರೆ ಹದಿನೆಂಟು ವರ್ಷದಿಂದ ಅದನ್ನು ತಿಕ್ಕಿ ತೊಳೆಯುತ್ತಿರುವವಳು ನಾನು, ಸಾವಂತ್ರವ್ವ. ನನ್ನದು ಅನ್ನಬೇಡ ಅಂತ ಯಾರಾದರೂ ಬಂದು ಹೇಳಲಿ ನೋಡೋಣ.

ಕಟ್ಟೆಯಲ್ಲಿ ಸಾಲಾಗಿ ಮೂರು ತೊಟ್ಟಿಗಳಿವೆ. ಮೊದಲನೆಯದರಲ್ಲಿ ಜಲ್ಲಿಕಲ್ಲು, ಎರಡನೆಯದರಲ್ಲಿ ಹಳ್ಳದ ಮರಳು, ಮೂರನೆಯದರಲ್ಲಿ ಇದ್ದಿಲು. ಮೂರನ್ನೂ ದಾಟಿದ ನೀರು ಮೇಲೆ ಚಪ್ಪಡಿ ಮುಚ್ಚಿದ ದೊಡ್ಡ ಹೊಂಡಕ್ಕೆ ಇಳಿಯುತ್ತದೆ. ಊರಿನ ಕೊಡಗಳೆಲ್ಲಾ ತುಂಬುವುದು ಅಲ್ಲೇ. ಕಸ, ಕಡ್ಡಿ, ಹಕ್ಕಿಯ ಹಿಕ್ಕೆ ಜಲ್ಲಿಯಲ್ಲಿ ನಿಲ್ಲುತ್ತವೆ. ಮನೆಮನೆಯ ಸಿಟ್ಟೂ ಅಲ್ಲೇ ನಿಲ್ಲುತ್ತದೆ. ಹೊಟ್ಟೆಕಿಚ್ಚು ಸಣ್ಣದು, ಅದು ಜಲ್ಲಿಯಲ್ಲಿ ತೂರಿಕೊಂಡು ಮರಳಿನವರೆಗೂ ಬರುತ್ತದೆ. ಸುಳ್ಳು ಸಿಗುವುದು ಇದ್ದಿಲಿನಲ್ಲಿ. ಮಾಳಿಗೆಯ ಕೆಳಗೆ ಜನ ಹೇಗಿರುತ್ತಾರೋ ಮಾಳಿಗೆಯ ನೀರೂ ಹಾಗೇ ಇಳಿಯುತ್ತದೆ. ಅದನ್ನು ಸೋಸದೆ ಕುಡಿದರೆ ಏನಾಗುತ್ತದೆ ಅನ್ನುವುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಒಂದು ವರ್ಷ ಮರಳು ತೊಳೆಯದೆ ಬಿಟ್ಟಿದ್ದರಂತೆ. ಊರಿನ ಗಂಡಸರು ಒಬ್ಬರ ಮೀಸೆ ಇನ್ನೊಬ್ಬರು ನೋಡಿ ಊಟ ಬಿಟ್ಟಿದ್ದರಂತೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಜನ ಆಡಿಕೊಳ್ಳುತ್ತಾರೆ. ಮದುವೆಯ ಹಂಗಾಮು ಮುಗಿದ ಮೇಲೆ ಆ ಜಲ್ಲಿಯನ್ನು ಬರಿಗೈಯಲ್ಲಿ ತೊಳೆದು ನೋಡಲಿ, ಆಮೇಲೆ ಮಾತಾಡಲಿ. ಬೀಗರ ಜಗಳ ಎರಡು ದಿನ ನನ್ನ ಉಗುರಿನ ಸಂದಿಯಲ್ಲೇ ಇರುತ್ತದೆ.

ದುಃಖವನ್ನು ಮಾತ್ರ ಯಾವ ತೊಟ್ಟಿಯೂ ಹಿಡಿಯುವುದಿಲ್ಲ. ಉಪ್ಪಿನ ಹಾಗೆ ಕರಗಿ ನೀರಿನ ಜೊತೆಗೇ ಹೊಂಡಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಸಾವಾದ ಮನೆಯವರು ಹನ್ನೊಂದನೆಯ ದಿನ ಮಾಳಿಗೆ ಹತ್ತಿ, ಕೊಳವೆಯ ಬಾಯನ್ನು ಓಣಿಯಿಂದ ಹಿತ್ತಲ ಕಡೆಗೆ ತಿರುಗಿಸುತ್ತಾರೆ. ಹಿತ್ತಲ ನೀರು ಊರಾಚೆಯ ಹಳ್ಳಕ್ಕೆ ಹರಿದುಹೋಗುತ್ತದೆ. ತಿರುಗಿಸಿದ ಕೊಳವೆಗೆ ಸತ್ತವರ ಬಟ್ಟೆಯದೊಂದು ಪಟ್ಟಿ ಕಟ್ಟುತ್ತಾರೆ. ವರ್ಷ ತುಂಬಿದ ಮೇಲೆ ಬರುವ ಆರಿದ್ರಾ ಮಳೆಗೆ ನಾನು ಹೋಗಿ ಆ ನೀರನ್ನು ನಾಲ್ಕು ಗುಟುಕು ಕುಡಿದು ನೋಡುತ್ತೇನೆ. ಕಣ್ಣು ಒದ್ದೆಯಾಗದಿದ್ದರೆ ಪಟ್ಟಿ ಬಿಚ್ಚಿ ಕೊಳವೆ ಒಳಕ್ಕೆ. ಒದ್ದೆಯಾದರೆ ಇನ್ನೊಂದು ವರ್ಷ ಹೊರಕ್ಕೆ. ಅಲ್ಲಿಯವರೆಗೂ ಅವರ ಕೊಡ ತುಂಬಿಸುವುದು ಊರವರ ಕೆಲಸ, ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಎಲ್ಲರ ಮನೆಯ ಕೊಳವೆಯೂ ಎಂದಾದರೂ ತಿರುಗುವುದೇ ತಾನೆ.

ಗಾದಿ ಮಡಿವಾಳಪ್ಪನ ಕೊಳವೆ ಹೊರಕ್ಕೆ ತಿರುಗಿ ಮೂರು ವರ್ಷ ದಾಟಿತ್ತು. ಅವನು ಅರಳೆ ತುಂಬಿಡುವ ಹಳೆಯ ವಖಾರದಲ್ಲಿ ಇರುತ್ತಾನೆ, ಅಲ್ಲೇ ಗಾದಿ ಹೊಲಿಯುತ್ತಾನೆ. ಊರಿನಲ್ಲಿ ಅಷ್ಟು ದೊಡ್ಡ ಮಾಳಿಗೆ ಇನ್ನೊಂದಿಲ್ಲ. ಅದರ ನೀರು ಹಳ್ಳಕ್ಕೆ ಹೋಗುತ್ತಿದ್ದದ್ದರಿಂದ ಬೇಸಿಗೆ ಬರುವ ಮೊದಲೇ ಹೊಂಡದ ತಳ ಕಾಣುತ್ತಿತ್ತು. ಅವನ ಹೆಂಡತಿ ಕಲ್ಲವ್ವ ಒಂದು ಚಳಿಗಾಲದಲ್ಲಿ ಆರು ದಿನದ ಜ್ವರಕ್ಕೆ ಹೋದಳು. ಎರಡು ಆರಿದ್ರಾ ಮಳೆಗೆ ನಾನು ಹೋಗಿ ಅವನ ನೀರು ಕುಡಿದೆ, ಎರಡು ಸಲವೂ ಸೆರಗು ನೆನೆಯುವ ಹಾಗೆ ಅತ್ತು ಬಂದೆ. "ಇನ್ನೂ ಹೋಗಿಲ್ಲೇನವಾ?" ಅಂತ ಅವನು ಕೇಳುತ್ತಿದ್ದ. "ಇಲ್ಲಣ್ಣ, ಇನ್ನೂ ಐತಿ" ಅನ್ನುತ್ತಿದ್ದೆ. ಅವನು ತಲೆಯಾಡಿಸಿ ಮತ್ತೆ ಸೂಜಿ ಹಿಡಿಯುತ್ತಿದ್ದ.

ಊರವರು ಕಲ್ಲುಮನಸ್ಸಿನವರಲ್ಲ. ಅವನ ದುಃಖ ಇಳಿಯಲಿ ಅಂತ ತಮಗೆ ತಿಳಿದದ್ದೆಲ್ಲಾ ಮಾಡಿದರು. ಒಬ್ಬರು ಜಿಲೇಬಿ ಕಳಿಸಿದರು. ಒಬ್ಬರು ಪಕ್ಕದೂರಿನ ನಾಟಕದ ಹಾಸ್ಯದವನನ್ನು ಕರೆತಂದು ಅವನ ಮುಂದೆ ಕೂರಿಸಿದರು. ಆ ಹಾಸ್ಯದವನು ತನ್ನ ಕಸುಬಿನ ಕಷ್ಟಸುಖ ಹೇಳಿಕೊಂಡು, ಒಂದು ಗಾದಿಗೆ ಹೇಳಿಹೋದ. ಮದುವೆಯ ಮಾತು ತಂದವರೂ ಇದ್ದರು. ಮಡಿವಾಳಪ್ಪ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದ.

ಇತ್ತ ಊರಿನಲ್ಲೇ ಒಂದು ವಿಚಿತ್ರ ಶುರುವಾಗಿತ್ತು. ಹೊಂಡದ ನೀರು ಕುಡಿದವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಅಳು ಬರುತ್ತಿತ್ತು. ಜೋರಾಗಿ ಅಲ್ಲ, ಸುಮ್ಮನೆ ಕಣ್ಣು ತುಂಬಿ ಬರುವುದು. ಶಾಲೆಯ ಮಾಸ್ತರು ಹನ್ನೆರಡರ ಮಗ್ಗಿ ಹೇಳಿಸುತ್ತಾ ಎಂಬತ್ನಾಲ್ಕಕ್ಕೆ ಬಂದು ಗಂಟಲು ಕಟ್ಟಿ ನಿಂತುಬಿಡುತ್ತಿದ್ದರು. ಕ್ಷೌರದವನು ಒಂದು ಕೆನ್ನೆ ಬೋಳಿಸಿ ಕಣ್ಣೊರೆಸಿಕೊಳ್ಳಲು ಹೋದರೆ, ಕೂತವನು ಇನ್ನೊಂದು ಕೆನ್ನೆಯ ನೊರೆ ಒಣಗುವವರೆಗೂ ಕಾಯಬೇಕು. ಅಷ್ಟರಲ್ಲಿ ಅವನ ಕಣ್ಣೂ ತುಂಬಿರುತ್ತಿತ್ತು. ಜನ ಅದಕ್ಕೂ ಹೊಂದಿಕೊಂಡರು. ಹೆಗಲ ಮೇಲೆ ಒಂದು ಟವೆಲ್ ಇಲ್ಲದೆ ಯಾರೂ ಹೊರಬೀಳುತ್ತಿರಲಿಲ್ಲ. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಕೊಡ ತುಂಬಲು ಬಂದಲ್ಲೇ ಅತ್ತು ಒಂದಾದರು.

ಆದರೆ ಈ ವರ್ಷ ಊರಿನ ಯಜಮಾನ ದುಂಡಪ್ಪನ ಮಗಳನ್ನು ನೋಡಲು ಬಂದವರ ಮುಂದೆ ಅಳು ಕೆಲಸ ಕೆಡಿಸಿತು. ಹುಡುಗಿ ಚಹಾ ತಂದಿಟ್ಟು ಕಣ್ಣೀರು ಸುರಿಸಿದಳು, ಅವಳ ತಾಯಿಯೂ ಸುರಿಸಿದಳು, ಕೊನೆಗೆ ದುಂಡಪ್ಪನೂ ಸುರಿಸಿದ. ಮನಸ್ಸಿಲ್ಲದ ಮದುವೆ ಮಾಡುತ್ತಿದ್ದಾರೆ ಅಂದುಕೊಂಡು ಬಂದವರು ಎದ್ದು ಹೋದರು. ಮರುದಿನವೇ ದುಂಡಪ್ಪ ಕಟ್ಟೆಯ ಮುಂದೆ ಊರವರನ್ನು ಕೂಡಿಸಿದ.

"ಮಡಿವಾಳಪ್ಪನ ಹಿತ್ತಲ ನೀರು ಹಳ್ಳಕ್ಕ ಹೋಗವಲ್ದು" ಅಂದ. "ಕಲ್ಲಿನ ಬಿರುಕಿನಾಗ ಇಳದು ನಮ್ಮ ಹೊಂಡಕ್ಕ ಬರಾಕತ್ತೈತಿ. ಇನ್ನೆಷ್ಟ ವರ್ಷ ಸೈರಿಸೂದು? ಈ ಆರಿದ್ರಾ ಮಳಿಗೆ ಸಾವಂತ್ರವ್ವ ನೋಡ್ಲಿ. ನೀರು ತಿಳಿಯಾಗಿದ್ರ ಪಾಡ ಆತು. ಇಲ್ಲಂದ್ರ ಪುನರ್ವಸು ಮಳಿ ಬರೂದ್ರೊಳಗ ಅಂವ ವಖಾರ ಬಿಟ್ಟು ದಿನ್ನಿ ಆಚೆ ಕಲ್ಲಗಣಿ ಗುಡಿಸಲಿಗೆ ಹೋಗ್ಲಿ. ಅಲ್ಲಿ ನೀರು ಈ ಕಡೆ ಹರಿಯೂದಿಲ್ಲ."

ಯಾರೂ ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಒಬ್ಬ ಮನುಷ್ಯನ ಮನೆ ಬಿಡಿಸುವುದಕ್ಕೆ ಒಂದೇ ನಾಲಿಗೆ ಸಾಲದು, ಊರ ನೀರು ಕುಡಿಯದ ಹೊರಗಿನವರೊಬ್ಬರೂ ನೋಡಲಿ ಅಂತ ಮಾಸ್ತರು ಮಾತ್ರ ಟವೆಲ್ ಹಿಡಿದುಕೊಂಡು ಹೇಳಿದರು. ದುಂಡಪ್ಪ ಒಪ್ಪಿದ. ಮಡಿವಾಳಪ್ಪ ಕೈಮುಗಿದು ಎದ್ದು ನಿಂತ. "ಅಕಿ ನೆನಪ ಹೋಗಂಗಿಲ್ರಿ. ನಾ ಏನ ಮಾಡ್ಲಿ? ಹೋಗಂದ್ರ ಹೋಗ್ತೀನಿ" ಅಂದ. ಅವನ ದನಿಯಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು ಅಂತ ನನಗೆ ಆಗಲೇ ಅನ್ನಿಸಿತ್ತು.

ಆರಿದ್ರಾ ಮಳೆ ಒಂದು ಮಧ್ಯಾಹ್ನ ಹಿಡಿಯಿತು. ಬಳೆ ಮಾರುವ ಹುಸೇನಮ್ಮ ಆವತ್ತು ಊರಿನಲ್ಲಿದ್ದಳು. ಅವಳು ಎರಡು ತಿಂಗಳಿಗೊಮ್ಮೆ ಬರುವವಳು, ತನ್ನ ನೀರನ್ನು ತಾನೇ ಹೊತ್ತು ತರುವವಳು. ಎರಡನೆಯ ನಾಲಿಗೆ ಅವಳದೇ ಅಂತಾಯಿತು. ಕೊಳೆಯೆಲ್ಲಾ ಕೊಚ್ಚಿಹೋಗಲಿ ಅಂತ ಮೊದಲ ಸುರಿತವನ್ನು ಬಿಟ್ಟು, ಆಮೇಲೆ ನಾನು ವಖಾರದ ಕೊಳವೆಗೆ ತಂಬಿಗೆ ಹಿಡಿದೆ. ಕೊಳವೆಗೆ ಕಟ್ಟಿದ್ದ ಕಲ್ಲವ್ವನ ಹಸಿರು ಸೀರೆಯ ಪಟ್ಟಿ ಮಳೆ ಬಿಸಿಲಿಗೆ ಬಣ್ಣ ಕಳೆದುಕೊಂಡು ಕಡ್ಡಿಯ ಹಾಗೆ ಜೋತಿತ್ತು. ಅದನ್ನು ನೋಡುತ್ತಲೇ ಕುಡಿದೆ. ಎರಡನೆಯ ಗುಟುಕಿಗೆ ಕಣ್ಣು ತುಂಬಿತು.

"ಆತಲ್ಲ" ಅಂದ ದುಂಡಪ್ಪ.

ಹುಸೇನಮ್ಮ ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು. ನಾವೆಲ್ಲಾ ಅವಳ ಕಣ್ಣನ್ನೇ ನೋಡುತ್ತಾ ನಿಂತೆವು. ಅವಳು ಬಾಯಿ ಒರೆಸಿಕೊಂಡು, "ತಣ್ಣಗ ಐತಿ. ಅರಳಿ ವಾಸನಿ ಒಂಚೂರು ಬಡೀತೈತಿ" ಅಂದಳು. ಇನ್ನೊಂದು ತಂಬಿಗೆ ಹಿಡಿಸಿಕೊಂಡು ಅದನ್ನೂ ಮುಗಿಸಿದಳು. "ಅಳು ಏನ ಬರವಲ್ದವಾ. ನಿಮ್ಮ ಮಾರಿ ನೋಡಿ ನಗಿ ಬರಾಕತ್ತೈತಿ."

ಬಳೆ ಮಾರುವವಳಿಗೆ ನೀರಿನ ರುಚಿ ಏನು ಗೊತ್ತು, ಹದಿನೆಂಟು ವರ್ಷದ ನಾಲಿಗೆ ಸುಳ್ಳು ಹೇಳುತ್ತದೆಯೇ ಅಂತ ದುಂಡಪ್ಪ ಮಾತು ಮುಗಿಸಿದ. ಮಡಿವಾಳಪ್ಪ ಒಳಗೆ ಹೋಗಿ ಗಾದಿಯ ಬಟ್ಟೆಗಳನ್ನು ಮಡಚತೊಡಗಿದ. ನನಗೆ ಹುಸೇನಮ್ಮನ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟು ಜನರ ಮುಂದೆ ನನ್ನ ನಾಲಿಗೆಯನ್ನು ಸುಳ್ಳು ಮಾಡಿದಳಲ್ಲ ಅಂತ. "ಬಾ ನನ್ನ ಕೂಡ" ಅಂತ ಅವಳನ್ನು ಕಟ್ಟೆಗೆ ಕರೆದುಕೊಂಡು ಬಂದೆ, ಸರಿಯಾಗಿ ಜಗಳ ಆಡಬೇಕು ಅಂತಲೇ.

ನಾನಿರುವುದು ಕಟ್ಟೆಯ ಮೇಲಿನ ಒಂಟಿ ಕೋಣೆಯಲ್ಲಿ. ಮಳೆಯಲ್ಲಿ ನೆನೆದು ಬಂದವಳಿಗೆ ಹಸಿವೆಯಾಗಿರುತ್ತದೆ ಅಂತ ಸಿಟ್ಟಿನಲ್ಲೇ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಹಿಂಡಿ ಖಾರವಾಗಿ ಅವಳು ನೀರು ಕೇಳಿದಳು. ಗಡಿಗೆಯಿಂದ ಒಂದು ಲೋಟ ಕೊಟ್ಟೆ. ಕುಡಿದವಳು ಮಾತು ನಿಲ್ಲಿಸಿ ಲೋಟವನ್ನೇ ನೋಡಿದಳು. ಅವಳ ಕಣ್ಣಿನಿಂದ ನೀರು ಇಳಿದು ಗದ್ದದವರೆಗೂ ಬಂತು.

"ಇದ್ಯಾರ ನೀರವಾ?" ಅಂದಳು.

"ನನ್ನವು" ಅಂದೆ. "ಈ ಮಾಳಿಗಿಯವು. ಹೊಂಡದ ತನಕ ಯಾರ ಇಳೀತಾರ ಅಂತ ಇಲ್ಲೇ ಗಡಿಗಿ ಹಿಡಿತೀನಿ."

"ನಿನಗ ಯಾರ ಹೋಗ್ಯಾರ?"

"ನನಗ ಯಾರ ಅದಾರ ಹೋಗಾಕ?" ಅಂದೆ.

ಹುಸೇನಮ್ಮ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು, "ನೀನೂ ಕಲ್ಲವ್ವನೂ ಒಂದ ಚಾಪಿ ಮ್ಯಾಲ ಕುಂತು ಬಳಿ ಇಟ್ಟಕೋತಿದ್ರಿ. ಅಕಿ ಕೈ ನೋವಾದ್ರ ನೀ ನನಗ ಬೈತಿದ್ದಿ."

ಆಗ ತಿಳಿಯಿತು. ತಿಳಿಯಲು ಮೂರು ವರ್ಷ ಬೇಕಾಯಿತು, ಅದೂ ಊರಿನ ನೀರು ನೋಡುವವಳಿಗೆ. ಮೊದಲು ನಾನು ಇರುತ್ತಿದ್ದದ್ದು ವಖಾರದ ಪಕ್ಕದ ಕೋಣೆಯಲ್ಲಿ. ಕಲ್ಲವ್ವನ ಒಲೆಗೂ ನನ್ನ ಒಲೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಿಂದ ಒಂದು ಇಟ್ಟಿಗೆ ತೆಗೆದು ಕಿಂಡಿ ಮಾಡಿದ್ದೆವು. ಅವಳು ರೊಟ್ಟಿ ಬೇಯಿಸಿದರೆ ಮೊದಲನೆಯದು ಕಿಂಡಿಯಿಂದ ಈ ಕಡೆ ಬರುತ್ತಿತ್ತು, ನನ್ನ ಪಲ್ಯ ಆ ಕಡೆ ಹೋಗುತ್ತಿತ್ತು. ಜಲ್ಲಿ ತೊಳೆದು ನಾನು ಉರಿಯುತ್ತಾ ಬಂದ ದಿನ ಅವಳು ಕಿಂಡಿಯಲ್ಲಿ ಮುಖವಿಟ್ಟು, "ಇವತ್ತ ಯಾರ ಮನಿ ಜಗಳ ತಂದೀ?" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಆ ಕಿಂಡಿಯ ಮುಂದೆ ಕೂತು ಉಣ್ಣಲು ನನ್ನಿಂದ ಆಗಲಿಲ್ಲ. ತಿಂಗಳೊಳಗೆ ಗಂಟುಮೂಟೆ ಕಟ್ಟಿಕೊಂಡು ಕಟ್ಟೆಯ ಕೋಣೆಗೆ ಬಂದುಬಿಟ್ಟೆ.

ಆ ಕೋಣೆ ಕಟ್ಟಿದ್ದು ಸಲಿಕೆ ಬುಟ್ಟಿ ಇಡುವುದಕ್ಕೆ. ನನಗಿಂತ ಮೊದಲು ಅಲ್ಲಿ ಯಾರೂ ಇದ್ದವರಲ್ಲ. ಸಲಿಕೆಗೆ ಸಿಟ್ಟೇ, ದುಃಖವೇ ಅಂತ ಅದರ ಕೊಳವೆಯನ್ನು ತೊಟ್ಟಿಗಳಿಗೂ ಬಿಡದೆ ನೇರ ಹೊಂಡಕ್ಕೇ ಇಳಿಸಿದ್ದರು. ನನ್ನ ನೀರನ್ನು ಯಾರೂ ನೋಡಲಿಲ್ಲ, ಯಾಕೆಂದರೆ ನೋಡುವವಳು ನಾನೇ. ಊರು ಮೂರು ವರ್ಷದಿಂದ ಅಳುತ್ತಿದ್ದದ್ದು ನನ್ನ ಅಳು. ಮಡಿವಾಳಪ್ಪನ ತಂಬಿಗೆಯಲ್ಲಿ ನನಗೆ ಸಿಕ್ಕಿದ್ದೂ ಅದೇ. ಕಣ್ಣು ತುಂಬಿದ್ದು ಆ ಹಸಿರು ಪಟ್ಟಿಯನ್ನು ನೋಡಿ. ನೀರಿನಿಂದ ಬಂತು ಅಂದುಕೊಂಡು ಅವನ ಮೇಲೆ ಹಾಕಿದ್ದೆ.

ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಹೇಳಿದರೆ ಕಟ್ಟೆ ನನ್ನ ಕೈಬಿಟ್ಟು ಹೋಗುತ್ತದೆ, ಹೊಂಡ ಕೆಡಿಸಿದವಳು ಅಂತ ಊರು ಬೆರಳು ತೋರಿಸುತ್ತದೆ. ಈ ವಯಸ್ಸಿನಲ್ಲಿ ಬೇರೆ ಕಸುಬು ಎಲ್ಲಿ ಕಲಿಯಲಿ? ಹುಸೇನಮ್ಮ ಬಳೆಯ ಗಂಟು ಬಿಗಿಯುತ್ತಾ ಕೂತಿದ್ದಳು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಮಳೆಯಲ್ಲೇ ವಖಾರಕ್ಕೆ ಹೋದೆ.

ಮಡಿವಾಳಪ್ಪ ಅರಳೆಯ ನಡುವೆ ಕೂತು ಗಂಟು ಕಟ್ಟುತ್ತಿದ್ದ. "ಗಂಟು ಬಿಚ್ಚಣ್ಣ" ಅಂದೆ. "ನಿನ್ನ ನೀರು ತಿಳಿ ಅದಾವ. ಹ್ವಾದ ವರ್ಷಾನೂ ತಿಳಿ ಇದ್ದಿರಬೇಕು. ಕೆಟ್ಟದ್ದು ನನ್ನ ನಾಲಿಗಿ." ಎಲ್ಲಾ ಹೇಳಿದೆ. ಅವನು ಕುಣಿಯುತ್ತಾನೆ ಅಂತ ಅಲ್ಲದಿದ್ದರೂ ಒಂದು ನಿಟ್ಟುಸಿರಾದರೂ ಬಿಟ್ಟಾನು ಅಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಗೋಡೆಗೆ ಒರಗಿದ.

"ಹಂಗಾರ ನಾ ಅಕಿನ್ನ ಮರತೀನೇನು?" ಅಂದ.

ನೆನೆದ ಸೆರಗು ಹಿಂಡಿಕೊಳ್ಳುತ್ತಾ ಅವನ ಎದುರಿಗೆ ಕೂತೆ.

"ನನಗ ಅನಮಾನ ಇತ್ತವಾ" ಅಂದ. "ಹ್ವಾದ ವರ್ಷದಿಂದ ನಿದ್ದಿ ಚಲೋ ಬರಾಕತ್ತಿತ್ತು. ಆ ನಾಟಕದಂವ ಹೇಳಿದ್ದು ನೆನಸ್ಕೊಂಡು ಒಬ್ಬನ ಕುಂತಾಗ ನಕ್ಕೀನಿ. ಒಂದೊಂದ ದಿನ ಸಂಜಿ ತನಕ ಅಕಿ ನೆನಪ ಆಗಿರ್ತಿದ್ದಿಲ್ಲ. ಆದ್ರ ನೀ ವರ್ಷಾ ಬಂದು ಕುಡದು ಅಳ್ತಿದ್ದಿ. ಒಳಗ ಎಲ್ಲೋ ಐತಿ, ನನಗ ಗೊತ್ತಾಗವಲ್ದು, ಸಾವಂತ್ರಿ ನಾಲಿಗಿಗೆ ಗೊತ್ತಾಗ್ತೈತಿ ಅಂತ ಧೈರ್ಯದ ಮ್ಯಾಲ ಇದ್ದೆ. ಗಣಿಗೆ ಹೋಗಾಕೂ ತಯಾರಾಗಿದ್ದೆ."

ಅವನನ್ನು ಅಷ್ಟು ಬಡವನಾಗಿ ನಾನು ಕಲ್ಲವ್ವ ಸತ್ತ ದಿನವೂ ನೋಡಿರಲಿಲ್ಲ. ಒಳ್ಳೆಯ ಸುದ್ದಿ ಹೇಳಿ ಒಬ್ಬರ ಬಳಿ ಇದ್ದದ್ದನ್ನು ಕಸಿದ ಹಾಗಾಗಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಇಬ್ಬರೂ ಕೂಡಿ ದುಂಡಪ್ಪನ ಮನೆಗೆ ಹೋದೆವು. ಅವನು ಜಗಲಿಯ ಮೇಲೆ ಕೂತು ಮಳೆ ನೋಡುತ್ತಿದ್ದ. ನಿಂತಲ್ಲೇ ಹೇಳಿಬಿಟ್ಟೆ. ನಿಮ್ಮ ಮಗಳ ಕೆಲಸ ಕೆಡಿಸಿದ್ದೂ ನಾನೇ ಅಂದೆ.

"ಕೊಳವಿ ಯಾಕ ತಿರುಗಿಸಲಿಲ್ಲ?" ಅಂತ ದುಂಡಪ್ಪ ಕೇಳಿದ.

"ಸಂಬಂಧದವ್ರು ತಿರುಗಸೂದ್ರಿ ಅದು."

"ಕಲ್ಲವ್ವ ನಿನಗ ಏನಾಗಬೇಕು?"

"ಏನೂ ಆಗಬೇಕಾಗಿಲ್ರಿ" ಅಂದೆ. ಗಂಡ ಸತ್ತರೆ ಹೆಂಡತಿ ತಿರುಗಿಸುತ್ತಾಳೆ, ತಾಯಿ ಸತ್ತರೆ ಮಗ. ಕಿಂಡಿಯ ಆಚೆಯವಳು ಸತ್ತರೆ ಈಚೆಯವಳು ಏನು ಮಾಡಬೇಕು ಅಂತ ನಮ್ಮ ಊರಿನಲ್ಲಿ ಯಾರೂ ಹೇಳಿಟ್ಟಿಲ್ಲ. ಸತ್ತ ಮನೆಯವರಿಗೆ ಹನ್ನೊಂದು ದಿನ ಅಡಿಗೆ ಮಾಡಿ ಬಡಿಸಿ, ಹನ್ನೆರಡನೆಯ ದಿನ ನಾನು ಮರಳು ತೊಳೆಯಲು ಹೋಗಿದ್ದೆ.

"ಇಕಿ ಅಕಿ ಗೆಳತಿ ರೀ" ಅಂದ ಮಡಿವಾಳಪ್ಪ. "ನನಗಿಂತ ಮೊದಲು ಇಕಿಗೆ ರೊಟ್ಟಿ ಹೋಗ್ತಿತ್ತು."

ದುಂಡಪ್ಪ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅದು ನನ್ನ ನೀರಿನ ಅಳುವೋ ಅವನದೇ ಅಳುವೋ ದೇವರಿಗೇ ಗೊತ್ತು. "ಇನ್ನ ಆರಿದ್ರಾ ಮಳಿಗೆ ನೋಡೂದು ಬಳಿ ಹುಸೇನಮ್ಮನ ಕಡೆ ಇರ್ಲಿ" ಅಂದ. "ಕಟ್ಟಿ ತೊಳಿಯೂದು ನಿನ್ನ ಕಡೇನ ಇರ್ಲಿ. ಆ ಜಲ್ಲಿ ಬ್ಯಾರೆ ಯಾರ ಮುಟ್ತಾರ? ಈಗ ಹೋಗಿ ಮೊದಲ ಕೊಳವಿ ತಿರುಗಿಸ್ರಿ."

ಮಳೆ ಹೊಳವಾದ ಮೇಲೆ ಮಡಿವಾಳಪ್ಪ ತನ್ನ ಮಾಳಿಗೆ ಹತ್ತಿ ಕೊಳವೆಯನ್ನು ಒಳಕ್ಕೆ ತಿರುಗಿಸಿದ. ಮೂರು ವರ್ಷದ ತುಕ್ಕು, ಸುತ್ತಿಗೆಯಲ್ಲಿ ಬಡಿಯಬೇಕಾಯಿತು. ಆಮೇಲೆ ಏಣಿಯನ್ನು ಹೊತ್ತು ನನ್ನ ಕೋಣೆಗೆ ಬಂದ. ನನ್ನದನ್ನು ನಾನೇ ತಿರುಗಿಸಿದೆ, ಹಳ್ಳದ ಕಡೆಗೆ. ಪಟ್ಟಿ ಕಟ್ಟಲು ನನ್ನ ಬಳಿ ಅವಳ ಬಟ್ಟೆ ಇರಲಿಲ್ಲ. ಅವನು ಅಂಗಿಯ ಜೇಬಿನಿಂದ ತನ್ನ ಕೊಳವೆಯಿಂದ ಬಿಚ್ಚಿದ್ದ ಹಸಿರು ಪಟ್ಟಿಯನ್ನು ತೆಗೆದು ಏಣಿಯ ಮೇಲಿದ್ದ ನನ್ನ ಕೈಗೆ ಕೊಟ್ಟ. "ಗಟ್ಟಿ ಕಟ್ಟು. ಹಳೇದಾಗೈತಿ, ಗಾಳಿಗೆ ಹರದೀತು" ಅಂದ. ಎರಡು ಗಂಟು ಹಾಕಿದೆ.

ಹೊಂಡದ ಹಳೆಯ ನೀರನ್ನೆಲ್ಲಾ ಚೆಲ್ಲಿ ಗೋಡೆ ತಿಕ್ಕಿದೆ. ಪುನರ್ವಸು ಮಳೆ ಚೆನ್ನಾಗಿ ಹೊಡೆಯಿತು. ವಖಾರದ ಮಾಳಿಗೆಯ ನೀರೂ ಕೂಡಿದ್ದರಿಂದ ಎಂಟೇ ದಿನದಲ್ಲಿ ಹೊಂಡ ಕಂಠಮಟ್ಟ ತುಂಬಿತು. ಮಾಸ್ತರು ಹನ್ನೆರಡರ ಮಗ್ಗಿಯನ್ನು ಮುಗಿಸಿ ಹದಿಮೂರಕ್ಕೆ ಹೋದರು. ಕ್ಷೌರದವನ ಅಂಗಡಿಯಿಂದ ಎರಡೂ ಕೆನ್ನೆ ನುಣ್ಣಗಾದ ಜನ ಹೊರಬೀಳತೊಡಗಿದರು. ಕೆಲವರು ಇನ್ನೂ ಅಭ್ಯಾಸಬಲದಿಂದ ಟವೆಲ್ ಹಾಕಿಕೊಂಡೇ ತಿರುಗುತ್ತಾರೆ.

ಪುಷ್ಯ ಮಳೆ ಹಿಡಿದ ದಿನ ನಾನು ಬಾಗಿಲಲ್ಲಿ ಕೂತು ಇದ್ದಿಲು ಆರಿಸುತ್ತಿದ್ದೆ. ಮಡಿವಾಳಪ್ಪ ಛತ್ರಿ ಹಿಡಿದು ಬಂದ. ಕೋಣೆಯ ಹಿಂದೆ ಹೋಗಿ, ಹಸಿರು ಪಟ್ಟಿ ಕಟ್ಟಿದ್ದ ಕೊಳವೆಯ ಕೆಳಗೆ ನಿಂತು, ಛತ್ರಿ ಮಡಚಿ ಬಗಲಲ್ಲಿ ಇಟ್ಟುಕೊಂಡು, ಜೇಬಿನಿಂದ ಒಂದು ಹಿತ್ತಾಳೆಯ ಲೋಟ ತೆಗೆದು ಹಿಡಿದ. ತುಂಬಿದ ಮೇಲೆ ನಿಂತಲ್ಲೇ ಕುಡಿದ. ಬಂದು ನನ್ನ ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿನಲ್ಲಿ ಅವನ ಭುಜ ಅಲುಗತೊಡಗಿತು. ನಾನು ಇದ್ದಿಲು ಆರಿಸುತ್ತಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಎತ್ತಿದ. ಕಣ್ಣು ಕೆಂಪಗಾಗಿತ್ತು, ಮುಖ ಮಾತ್ರ ಕಳೆದ ವಸ್ತು ಸಿಕ್ಕವನ ಹಾಗೆ ಇತ್ತು.

"ಇನ್ನೊಂದ ಲೋಟಾ ಹಿಡಕೊಳ್ಳೇನವಾ?" ಅಂತ ಕೇಳಿದ.

"ಹಿಡಕೋ" ಅಂದೆ. "ಮಳಿ ಇನ್ನೂ ಐತಿ."